ಏಪ್ರಿಕಾಟ್ ಜಾಮ್: ಬ್ರೆಡ್ಡಿಗಿಂತ ಬಾಣಲೆಗೇ ಹೆಚ್ಚು

ಬೆಂಗಳೂರಿನಲ್ಲಿ ತಾಜಾ ಏಪ್ರಿಕಾಟ್ ಬೇಸಿಗೆಯ ಕೊನೆಗೆ ಕಾಣಿಸಿಕೊಂಡು ಮಾಯವಾಗುತ್ತದೆ. ಬೆಲೆ ಕೇಳಿದರೆ ಚಾಚಿದ ಕೈ ಹಿಂದೆ ಬರುತ್ತದೆ. ಹಾಗಾಗಿ ನಾನು ಜಾಮ್ ಮಾಡುವುದು ಒಣಹಣ್ಣಿನಿಂದಲೇ. ಖುಬಾನಿ ಕಾ ಮೀಠಾ ಎಂಬ ಹೈದರಾಬಾದಿ ಸಿಹಿಗೆ ಹಾಕುವ ಕಂದು ಹಣ್ಣು ಬರೀ ಸಿಹಿ. ಜಾಮಿಗೆ ನನಗೆ ಬೇಕಾದದ್ದು ಕಿತ್ತಳೆ ಬಣ್ಣದ, ಹುಳಿ ಮುಂದಾದ ಹಣ್ಣು. ಆ ಬಣ್ಣ ಸಲ್ಫರ್ ಡೈಆಕ್ಸೈಡ್‌ನಿಂದ ಉಳಿಯುವಂಥದ್ದು. ಅಸ್ತಮಾ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ, ಅಂಥವರಿದ್ದರೆ ಕಂದು ಹಣ್ಣು ತಂದು ನಿಂಬೆರಸ ಹೆಚ್ಚಿಸುವುದೇ ಲೇಸು.

ಕಾಲು ಕಿಲೋ ಹಣ್ಣನ್ನು ಮುಕ್ಕಾಲು ಲೀಟರ್ ನೀರಿನಲ್ಲಿ ರಾತ್ರಿಯೇ ನೆನೆಹಾಕುತ್ತೇನೆ. ಬೆಳಿಗ್ಗೆ ಅದೇ ನೀರಿನಲ್ಲಿ ಮೆತ್ತಗೆ ಬೇಯಿಸಿ, ತರಿತರಿಯಾಗಿ ರುಬ್ಬಿ, 400 ಗ್ರಾಂ ಸಕ್ಕರೆ ಮತ್ತು ಎರಡು ನಿಂಬೆಹಣ್ಣಿನ ರಸ ಸೇರಿಸಿ ಕುದಿಸುತ್ತೇನೆ. ಗಟ್ಟಿಯಾಗುತ್ತಾ ಬಂದಂತೆ ಅದು ಕೊತಕೊತ ಕುದಿದು ಕೈಗೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟೇ ಬೇಕು. ಫ್ರಿಜ್‌ನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಿನಿಂದ ದೂಡುತ್ತೇನೆ. ಮೇಲ್ಪದರ ಸುಕ್ಕುಗಟ್ಟಿದರೆ ಒಲೆ ಆರಿಸಬಹುದು. ಥರ್ಮಾಮೀಟರ್ ಇದ್ದವರಿಗೆ ಸಮುದ್ರಮಟ್ಟದಲ್ಲಿ 104–105 ಡಿಗ್ರಿ ಸೆಲ್ಸಿಯಸ್, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 3 ಡಿಗ್ರಿ ಕಡಿಮೆ. ಒಣಹಣ್ಣಿನ ಮಾಮೂಲಿ ಜಾಮಿಗಿಂತ ಸಕ್ಕರೆ ಕಡಿಮೆ ಹಾಕಿರುವುದರಿಂದ ಫ್ರಿಜ್‌ನಲ್ಲೇ ಇಡುತ್ತೇನೆ.

ಇನ್ನು ಪೋಷಕಾಂಶದ ಮಾತು. ಒಣ ಏಪ್ರಿಕಾಟ್‌ನಲ್ಲಿ ಪೊಟ್ಯಾಸಿಯಂ, ನಾರು, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಎಲ್ಲವೂ ಧಾರಾಳ. ಆದರೆ ಜಾಮ್ ಆದ ಮೇಲೆ ಅದು ಮುಖ್ಯವಾಗಿ ಸಕ್ಕರೆಯೇ. ಒಂದು ದೊಡ್ಡ ಚಮಚದಲ್ಲಿ, ಅಂದರೆ 20 ಗ್ರಾಂನಲ್ಲಿ, ಸುಮಾರು 50 ಕ್ಯಾಲೊರಿ. ಅಷ್ಟು ಜಾಮಿನಿಂದ ಕಣ್ಣಿಗೆ ಒಳ್ಳೆಯದಾಗುತ್ತದೆ ಎಂದು ಮಕ್ಕಳಿಗೆ ತಿನ್ನಿಸುವವರು ಒಂದು ಗಜ್ಜರಿ ಕೊಟ್ಟರೆ ಸಾಕು.

ನಾನು ಇದನ್ನು ಮಾಡುವುದು ಹುಳಿಗಾಗಿ, ಹೊಳಪಿಗಾಗಿ. ವಿಯೆನ್ನಾದ ಸಾಖರ್ ಟೋರ್ಟೆ ಎಂಬ ಚಾಕೊಲೇಟ್ ಕೇಕಿನಲ್ಲಿ ಚಾಕೊಲೇಟ್ ಲೇಪನದ ಕೆಳಗೆ ಈ ಜಾಮ್ ಸವರುತ್ತಾರೆ. ಕೇಕಿನ ಪುಡಿ ಮೇಲೇಳುವುದಿಲ್ಲ, ಚಾಕೊಲೇಟಿನ ಭಾರವನ್ನು ಹುಳಿ ಇಳಿಸುತ್ತದೆ. ಮನೆಯ ಸಾದಾ ಕೇಕಿಗೂ ನಾನು ಹಾಗೆಯೇ, ಸ್ವಲ್ಪ ನೀರು ಬೆರೆಸಿ ಬಿಸಿ ಮಾಡಿ, ಸೋಸಿ, ಬ್ರಷ್‌ನಿಂದ ಹಚ್ಚುತ್ತೇನೆ. ದಕ್ಷಿಣ ಆಫ್ರಿಕಾದವರು ಬೊಬೋಟಿ ಎಂಬ ಖೀಮಾ ಖಾದ್ಯಕ್ಕೂ ಇದನ್ನು ಹಾಕುತ್ತಾರೆ. ಅದೇ ಧೈರ್ಯದಲ್ಲಿ ಹುರಿದ ಪನೀರಿಗೆ ಶುಂಠಿ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಉಪ್ಪಿನೊಂದಿಗೆ ಒಂದು ಚಮಚ ಜಾಮ್ ಹಾಕುತ್ತೇನೆ. ಒಲೆ ಆರಿಸುವ ಮುನ್ನವಷ್ಟೇ ಹಾಕಬೇಕು, ಮೊದಲೇ ಹಾಕಿದರೆ ಸಕ್ಕರೆ ತಳ ಹಿಡಿದು ಕಹಿಯಾಗುತ್ತದೆ.