ದಂಡ ಕಟ್ಟಿ ಮುಗಿಸಿದ ಹಳೇ ಕೇಸು ಮತ್ತು ಬಾರ್ ಲೈಸೆನ್ಸಿನ ಅರ್ಜಿ

ನಾವು ಗಡಿ ಊರಿನವರು. ಮಾಜಾಳಿ ಚೆಕ್‌ಪೋಸ್ಟಿನ ಆಚೆ ಬಾಟಲಿಗೆ ಒಂದು ದರ, ಈಚೆ ಇನ್ನೊಂದು. ಹಾಗಾಗಿ ಕಾರವಾರದ ಕಡೆ ಒಳ್ಳೇ ಮನೆತನದ ಹುಡುಗರ ಹೆಸರಲ್ಲೂ ಒಂದೊಂದು ಅಬಕಾರಿ ಕೇಸು ಸಿಗುತ್ತದೆ. ಬೈಕಿನ ಡಿಕ್ಕಿಯಲ್ಲಿ ಗೋವಾದ ಬಾಟಲಿ, ಮದುವೆಗೆಂದು ತಂದ ಪೆಟ್ಟಿಗೆ, ರೈಲಿನಲ್ಲಿ ಸಿಕ್ಕ ಚೀಲ. ಹದಿನೈದು ವರ್ಷ ಕಳೆದ ಮೇಲೆ ಅದೇ ಹುಡುಗ ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಲಾಡ್ಜ್ ಕಟ್ಟಿ ಬಾರಿನ ಸನ್ನದಿಗೆ, ಅಂದರೆ ಲೈಸೆನ್ಸಿಗೆ, ಅರ್ಜಿ ಹಾಕಲು ಹೊರಡುತ್ತಾನೆ. ಆಗ ಆ ಕೇಸು ಎದ್ದು ಕೂರುತ್ತದೆ.

ಈ ಜಿಲ್ಲೆಯ ಕೋರ್ಟುಗಳಲ್ಲೇ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವ ನಾನು. ಈಗ ಅಂಕೋಲೆಯ ನಮ್ಮ ಮನೆ ಜಗಲಿಗೆ ಇಂಥ ಕಾಗದ ಹಿಡಿದು ಬರುವವರಿದ್ದಾರೆ. ಬಂದವರನ್ನು ನಾನು ಮೊದಲು ಕೇಳುವುದು ಇಷ್ಟೇ: "ಕೇಸು ಹೇಗೆ ಮುಗಿಯಿತು ತಮಾ?" ಉತ್ತರ ಹೆಚ್ಚುಕಡಿಮೆ ಒಂದೇ. "ಎಂತ ಇಲ್ಲ ಸರ್, ದಂಡ ಕಟ್ಟಿ ಬಂದೆ, ಖುಲಾಸೆ ಆಯ್ತು."

ಅಲ್ಲೇ ಇರುವುದು ಎಡವಟ್ಟು. ದಂಡ ಕಟ್ಟಿದ್ದು ಎಲ್ಲಿ ಎಂಬುದರ ಮೇಲೆ ನಿಮ್ಮ ಅರ್ಜಿಯ ಹಣೆಬರಹ ನಿಂತಿದೆ. ಅಬಕಾರಿ ಇಲಾಖೆಯಲ್ಲೇ, ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 45ರಂತೆ ರಾಜಿ ಮಾಡಿಕೊಂಡು ಹಣ ಕಟ್ಟಿದ್ದರೆ ಯಾವ ಕೋರ್ಟೂ ನಿಮ್ಮನ್ನು ಅಪರಾಧಿ ಎಂದು ಹೇಳಿಲ್ಲ. ಇಲಾಖೆಯ ಕಡತದಲ್ಲಿ ಹೆಸರು ಉಳಿಯುತ್ತದೆ, ಅಷ್ಟೇ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತು "ಹೌದು ಸ್ವಾಮಿ, ತಪ್ಪಾಯ್ತು" ಎಂದು ದಂಡ ಕಟ್ಟಿದ್ದರೆ, ಮೊತ್ತ ಇನ್ನೂರು ರೂಪಾಯಿಯೇ ಆಗಲಿ, ಅದು ಅಪರಾಧ ಸಾಬೀತಾಗಿ ಆದ ಶಿಕ್ಷೆ. ಕೋರ್ಟು ಏಳುವ ತನಕ ಮೂಲೆಯ ಬೆಂಚಿನಲ್ಲಿ ಕೂರಿಸಿ ಕಳಿಸಿದರಲ್ಲ, ಅದೂ ಸಾದಾ ಸಜೆಯೇ. ಬಹಳ ಜನ ಅದನ್ನು ಕಾಯಿಸಿದ್ದು ಎಂದೇ ತಿಳಿದಿರುತ್ತಾರೆ.

ಆದ್ದರಿಂದ ಅರ್ಜಿ ನಮೂನೆ ತುಂಬುವ ಮೊದಲು ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ. ಕೇಸು ನಡೆದ ಕೋರ್ಟು, ಠಾಣೆ, ವರ್ಷ ಇಷ್ಟು ಗೊತ್ತಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಸಿಕ್ಕರೆ ಕೇಸನ್ನು ಗುರುತಿಸುವ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಬರೆದುಕೊಳ್ಳಿ. ತೀರ್ಪು ಮತ್ತು ಆರ್ಡರ್ ಶೀಟ್, ಎರಡಕ್ಕೂ ದೃಢೀಕೃತ ನಕಲು ಕೇಳಿ. ತಪ್ಪೊಪ್ಪಿಗೆಯ ಕೇಸಿನಲ್ಲಿ ಅಸಲು ಸಂಗತಿ ಇರುವುದು ಆರ್ಡರ್ ಶೀಟಿನ ನಾಲ್ಕು ಸಾಲಿನಲ್ಲಿ. ಕಂಪ್ಯೂಟರು ಬರುವ ಮೊದಲಿನ ಕೇಸಾದರೆ ದಫ್ತರವೇ ನಾಶವಾಗಿರಬಹುದು. ಆಗ ಬರಿಗೈಲಿ ಬರಬೇಡಿ. ಕ್ರಿಮಿನಲ್ ರಿಜಿಸ್ಟರಿನ ಉತಾರ ಕೇಳಿ, ಇಲ್ಲವೇ "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹವನ್ನಾದರೂ ಬರಹದಲ್ಲಿ ಪಡೆಯಿರಿ. ಜೊತೆಗೆ ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ನೀವೇ ಅರ್ಜಿ ಹಾಕಿ ನೋಡಿ. ಇಲಾಖೆ ಕೇಳಿದಾಗ ಠಾಣೆಯಿಂದ ಏನು ವರದಿ ಹೋದೀತು ಎಂಬ ಅಂದಾಜು ಮೊದಲೇ ಸಿಗುತ್ತದೆ.

ನಕಲು ಕೈಗೆ ಬಂದ ಮೇಲೆ ಮೊದಲು ಯಾವ ಕಾಯ್ದೆ, ಯಾವ ಕಲಂ ಎಂದು ನೋಡಿ. ಅಬಕಾರಿ ಕಾಯ್ದೆಯ ಕಲಂ 29 ಕೊಟ್ಟ ಸನ್ನದನ್ನು ಅಮಾನತು ಅಥವಾ ರದ್ದು ಮಾಡುವುದಕ್ಕೆ ಸಂಬಂಧಿಸಿದ್ದು. ಸನ್ನದುದಾರನಿಗೋ ಅವನ ನೌಕರನಿಗೋ ಅಬಕಾರಿ ಕಾಯ್ದೆಯಡಿ ಶಿಕ್ಷೆಯಾದರೆ ಅದು ಒಂದು ಕಾರಣ. ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದ, ಜೊತೆಗೆ ಜಾಮೀನು ರಹಿತವೂ ಆದ ಅಪರಾಧದಲ್ಲಿ ಸನ್ನದುದಾರನಿಗೆ ಶಿಕ್ಷೆಯಾದರೆ ಇನ್ನೊಂದು. ಮಾದಕ ವಸ್ತು, ನಕಲಿ ಟ್ರೇಡ್‌ಮಾರ್ಕಿನಂಥವೂ ಅದೇ ಸಾಲಿನಲ್ಲಿವೆ. ಇದು ರದ್ದತಿಯ ಕಲಂ, ಅರ್ಜಿಗೆ ಏಕೆ ಎಂದು ವಕೀಲರೊಬ್ಬರು ನನ್ನ ಜೊತೆ ವಾದಕ್ಕಿಳಿದಿದ್ದರು. ನನ್ನ ಲೆಕ್ಕ ಸರಳ: ಇವತ್ತು ಕೊಟ್ಟು ನಾಳೆ ರದ್ದು ಮಾಡಬಹುದಾದ ಸನ್ನದಿಗೆ ಯಾವ ಅಧಿಕಾರಿಯೂ ಖುಷಿಯಿಂದ ಸಹಿ ಹಾಕುವುದಿಲ್ಲ. ಈ ಪಟ್ಟಿಯೇ ನಿಮ್ಮ ಅರ್ಜಿಗೂ ಅಳತೆಗೋಲು ಎಂದುಕೊಂಡು ತಯಾರಾಗಿ.

ಈ ಅಳತೆಯಲ್ಲಿ ನಮ್ಮ ಕಡೆಯ ಕೇಸುಗಳು ಎಲ್ಲಿ ಬೀಳುತ್ತವೆ? ಗೋವಾ ಸರಕಿನ ಕೇಸಿನಲ್ಲಿ ಕೋರ್ಟಿನ ಶಿಕ್ಷೆಯಾಗಿದ್ದರೆ ನೇರ ಪೆಟ್ಟು. ಹೆದ್ದಾರಿ ಬದಿಯ ಗೂಡಂಗಡಿಯಲ್ಲಿ ಗಿರಾಕಿಗೆ ಕುಡಿಯಲು ಜಾಗ ಕೊಟ್ಟದ್ದಕ್ಕೆ 15(ಎ), 32(3) ಎಂದು ಹಾಕುತ್ತಾರಲ್ಲ, ಅದೂ ಅಬಕಾರಿ ಕಾಯ್ದೆಯೇ. ಚಿಲ್ಲರೆ ಕೇಸು ಎಂದು ಬದಿಗಿಡಬೇಡಿ. ಗೇರು ಹಣ್ಣಿನ ಕಾಲದಲ್ಲಿ ತೋಟದ ಮೂಲೆಯಲ್ಲಿ ಭಟ್ಟಿ ಇಳಿಸಿ ಸಿಕ್ಕವರದೂ ಇದೇ ಗುಂಪು. ಕಳವು, ದಂಡ ಸಂಹಿತೆಯ 420ರ ಮೋಸದ ಶಿಕ್ಷೆಗಳು ಜಾಮೀನು ರಹಿತದ ಸಾಲಿಗೆ ಸೇರುತ್ತವೆ. ಚೆಕ್ ಬೌನ್ಸ್ ಹಾಗಲ್ಲ. ಅದು ಜಾಮೀನು ಸಿಗುವ ಅಪರಾಧ, ಈ ಪಟ್ಟಿಯ ಹೊರಗೆ. ಆದರೆ ಶಿಕ್ಷೆ ಶಿಕ್ಷೆಯೇ, ಕೇಳಿದರೆ ಬರೆಯಲೇಬೇಕು. ಕುಡಿದು ಗಾಡಿ ಓಡಿಸಿ ಕೋರ್ಟಿನಲ್ಲಿ ಹತ್ತು ಸಾವಿರ ಕಟ್ಟಿದ್ದೂ ಹಾಗೆಯೇ. ಹೆಂಡದ ವ್ಯಾಪಾರಕ್ಕೆ ಅರ್ಜಿ ಹಾಕುವವನ ಕಡತದಲ್ಲಿ ಅದು ಚೆಂದ ಕಾಣುವುದಿಲ್ಲ ಎಂಬುದು ಬೇರೆ ಮಾತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಕೇಸಿಗೆ ಹಳೆಯ ದಂಡ ಸಂಹಿತೆಯ ಕಲಂ ಹಿಡಿದೇ ನೋಡಿ. ಹೊಸ ಪುಸ್ತಕದ ಕೋಷ್ಟಕ ನೋಡಿ ಗಾಬರಿಯಾಗಬೇಡಿ.

"ಹತ್ತು ವರ್ಷ ಆಯ್ತಲ್ಲ, ಇನ್ನೂ ಲೆಕ್ಕಕ್ಕೆ ಬರುತ್ತದಾ?" ಎಂದು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 1974ರ ಕಾಯ್ದೆಯೊಂದಿದೆ, ನಿಗದಿತ ಕಾಲ ಕಳೆದರೆ ಎಷ್ಟೋ ಶಿಕ್ಷೆಗಳು ಸವೆದುಹೋದವು ಎಂದೇ ಲೆಕ್ಕ. ಅಲ್ಲಿ ಮದ್ಯ ಮಾರುವ ವೈಯಕ್ತಿಕ ಲೈಸೆನ್ಸ್ ಕೇಳುವಾಗ ಅಂಥವನ್ನು ಪರಿಗಣಿಸುವುದಿಲ್ಲ. ನಮ್ಮಲ್ಲಿ ಅಂಥ ಸಾಮಾನ್ಯ ಕಾನೂನು ಇಲ್ಲ. ಕಾಲ ಕಳೆದದ್ದು ನಿಮ್ಮ ಪರವಾದ ವಾದ ಆದೀತು, ಹಕ್ಕು ಆಗದು.

ಆದರೂ ಬಾಗಿಲುಗಳಿವೆ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958 ಎಂಬುದನ್ನು ಬಹಳ ಜನ ಓದಿಯೇ ಇಲ್ಲ. ಎಚ್ಚರಿಕೆ ಕೊಟ್ಟೋ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಅದರ 3 ಅಥವಾ 4ನೇ ಕಲಮಿನಡಿ ಕೋರ್ಟು ಬಿಟ್ಟಿದ್ದರೆ, 12ನೇ ಕಲಮಿನಂತೆ ಆ ಶಿಕ್ಷೆಯಿಂದ ಬರುವ ಅನರ್ಹತೆ ನಿಮಗೆ ತಟ್ಟುವುದಿಲ್ಲ. ತೀರ್ಪಿನ ಕೊನೆಯ ಪುಟದಲ್ಲಿ ಈ ಕಾಯ್ದೆಯ ಹೆಸರಿದೆಯೇ ನೋಡಿ. ಇದ್ದರೆ ಆ ಪುಟವೇ ಬಂಗಾರ. ಹದಿನೆಂಟು ತುಂಬುವ ಮೊದಲಿನ ಕೇಸು ಬಾಲನ್ಯಾಯ ಮಂಡಳಿಯಲ್ಲಿ ಮುಗಿದಿದ್ದರೂ 2015ರ ಬಾಲನ್ಯಾಯ ಕಾಯ್ದೆಯ ಕಲಂ 24 ಇಂಥದೇ ರಕ್ಷಣೆ ಕೊಡುತ್ತದೆ.

ಮೇಲ್ಮನವಿಯಲ್ಲಿ ಖುಲಾಸೆಯಾಗಿದ್ದರೆ ಆ ತೀರ್ಪಿನ ನಕಲೂ ಲಗತ್ತಿಸಿ. ಕೆಳಗಿನ ಕೋರ್ಟಿನ ಶಿಕ್ಷೆ ಠಾಣೆಯ ರಿಜಿಸ್ಟರಿನಲ್ಲಿ ತಿದ್ದುಪಡಿಯಾಗದೆ ಹಾಗೇ ಕೂತಿರುವುದುಂಟು. ಮೇಲ್ಮನವಿ ಇನ್ನೂ ಬಾಕಿ ಇದ್ದರೆ ಒಂದು ಸೂಕ್ಷ್ಮ. ಸೆಷನ್ಸ್ ಕೋರ್ಟು ಸಜೆಯನ್ನು ಅಮಾನತಿನಲ್ಲಿಟ್ಟರೆ ಜೈಲು ತಪ್ಪುತ್ತದೆ, ಅಪರಾಧಿ ಎಂಬ ನಿರ್ಣಯ ತಪ್ಪುವುದಿಲ್ಲ. ಅದಕ್ಕೆ ಬೇರೆಯೇ ತಡೆಯಾಜ್ಞೆ ಬೇಕು. ಇನ್ನು ತಪ್ಪೊಪ್ಪಿಕೊಂಡವರ ವಿಷಯ ಹೇಳಲು ಬೇಸರ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡು ಶಿಕ್ಷೆಯಾದರೆ, ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆ ಬಿಟ್ಟು ಮೇಲ್ಮನವಿಯೇ ಇಲ್ಲ. ಹಾಗಾಗಿ ಇವತ್ತು ಕೇಸು ನಡೆಯುತ್ತಿರುವ ಹುಡುಗರಿಗೆ ಹೇಳುತ್ತೇನೆ: ಮುಂದೆ ಹೋಟೆಲು, ಬಾರು ಎಂಬ ಯೋಚನೆ ಇದ್ದರೆ, ಒಂದು ತಾರೀಖಿನಲ್ಲಿ ಮುಗಿಸಿಬಿಡುವ ಆಸೆಗೆ ಬಿದ್ದು ಒಪ್ಪಿಕೊಳ್ಳಬೇಡಿ. ಮೊದಲು ವಕೀಲರ ಹತ್ತಿರ ಮಾತಾಡಿ.

ಅರ್ಜಿಯಲ್ಲಿ ಬರೆಯುವುದು ಹೇಗೆ? ಮುಚ್ಚಿಡಬೇಡಿ ಎಂಬುದಕ್ಕೆ ನೀತಿಗಿಂತ ಗಟ್ಟಿ ಕಾರಣವಿದೆ. ಬೇಕೆಂದೇ ತಪ್ಪು ಮಾಹಿತಿ ಕೊಟ್ಟು ಪಡೆದ ಸನ್ನದನ್ನು ರದ್ದು ಮಾಡಲು ಅದೇ ಕಲಂ 29ರಲ್ಲಿ ಅವಕಾಶವಿದೆ. ಬಾಟಲಿ ಕೇಸಿಗೆ ಕ್ಷಮೆ ಸಿಕ್ಕೀತು, ನೋಟರಿ ಮುಂದೆ ಮಾಡಿದ ಸುಳ್ಳು ಪ್ರಮಾಣಕ್ಕೆ ಸಿಗದು. ಕೇಸಿನ ನಂಬರು, ಕಲಂ, ತೀರ್ಪಿನ ತಾರೀಖು, ದಂಡದ ಮೊತ್ತ ಬರೆಯಿರಿ. ಆಮೇಲೆ ಯಾವ ಕೇಸೂ ಇಲ್ಲದಿದ್ದರೆ ಹಾಗೆಂದು ಒಂದು ಸಾಲು ಸೇರಿಸಿ. ನಕಲು ಲಗತ್ತಿಸಿ. ಊರಿನ ರಾಜಕೀಯ, ಯಾರು ದ್ವೇಷದಿಂದ ಸಿಕ್ಕಿಸಿದರು ಎಂಬ ಪುರಾಣ ಬೇಡ. ಬಾಕಿ ಇರುವ ಕೇಸು ಶಿಕ್ಷೆಯಲ್ಲ. ನಮೂನೆ ಅಥವಾ ನೋಟರಿ ಮುಂದೆ ಮಾಡುವ ಪ್ರಮಾಣಪತ್ರ (ಅಫಿಡವಿಟ್) ಬಾಕಿ ಕೇಸನ್ನೂ ಕೇಳಿದ್ದರೆ ಅಲ್ಲಿ "ವಿಚಾರಣೆಯಲ್ಲಿದೆ" ಎಂದು ಬರೆಯಿರಿ. ಪಾಲುದಾರಿಕೆಯಾದರೆ ಪ್ರತಿ ಪಾಲುದಾರನದೂ ಇದೇ ತಪಾಸಣೆ ಮಾಡಿ. ಸಿಎಲ್-2 (ಚಿಲ್ಲರೆ ಮದ್ಯದಂಗಡಿ), ಸಿಎಲ್-9 (ಬಾರ್) ಸನ್ನದು ಹೊಸದಾಗಿ ಸಿಗುವುದು ದುರ್ಲಭ, ಹೆಚ್ಚಿನವರು ಇದ್ದದ್ದನ್ನು ವರ್ಗಾಯಿಸಿಕೊಳ್ಳುತ್ತಾರೆ. ಕೊಳ್ಳುವವನ ಕಡತ ಅಲ್ಲೂ ತೆರೆಯುತ್ತದೆ.

ಹೆಂಡತಿಯ ಹೆಸರಲ್ಲಿ ಹಾಕೋಣ ಎನ್ನುವವರು ಬಹಳ. ಅವರ ಅರ್ಜಿ ಅವರದೇ ಅರ್ಹತೆಯ ಮೇಲೆ ನಿಲ್ಲುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಗಲ್ಲೆಯ ಮೇಲೆ ಕೂತವರು ನೀವೇ ಆಗಿ, ಅಲ್ಲಿ ಮತ್ತೊಂದು ಅಬಕಾರಿ ಕೇಸಾಗಿ ನಿಮಗೆ ಶಿಕ್ಷೆಯಾದರೆ ಹೋಗುವುದು ಹೆಂಡತಿಯ ಸನ್ನದು. ಅವರನ್ನು ಮುಂದಿಟ್ಟು ಹಿಂದಿನಿಂದ ಗುತ್ತಿಗೆಗೆ ನಡೆಸುವುದಂತೂ ಷರತ್ತಿನ ಉಲ್ಲಂಘನೆ.

ಅರ್ಜಿ ತಿರಸ್ಕೃತವಾದರೆ ಕಾರಣಗಳಿರುವ ಆದೇಶದ ಪ್ರತಿ ಕೇಳಿ. ಮದ್ಯ ಮಾರುವುದು ಮೂಲಭೂತ ಹಕ್ಕಲ್ಲ ಎಂದು ಖೋಡೇ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ, ಹಾಗಾಗಿ "ನನ್ನ ಹಕ್ಕು" ಎಂಬ ವಾದ ಓಡುವುದಿಲ್ಲ. ಮನಬಂದಂತೆ, ಕಾರಣವಿಲ್ಲದೆ ನಿರಾಕರಿಸಿದ್ದಾರೆ ಎಂಬ ವಾದ ಓಡುತ್ತದೆ. ಜಿಲ್ಲೆಯ ಆದೇಶದ ಮೇಲೆ ಅಬಕಾರಿ ಆಯುಕ್ತರು, ಅವರ ಆದೇಶದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ, ಆಮೇಲೆ ನಮ್ಮ ಜಿಲ್ಲೆಗೆ ಧಾರವಾಡದ ಹೈಕೋರ್ಟ್ ಪೀಠ. ಅವಧಿ ತಪ್ಪದಂತೆ ಆದೇಶ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಡಿ.

ಸನ್ನದಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಮೊದಲು, ಆ ವರ್ಷದಲ್ಲಿ ಕೆಲಸಕ್ಕೆ ಸೇರಿಸಿಕೊಂಡ ಹುಡುಗರ ಮೇಲೂ ಯಾವುದಾದರೂ ಅಬಕಾರಿ ಕೇಸು ಇದೆಯೇ ಎಂದು ಹೆಸರು ಹಿಡಿದು ನೋಡಿಕೊಳ್ಳಿ.