ಕ್ಷೇತ್ರವಾರು ಅನುಬಂಧ: ಬೆಳಗಾವಿ ಅಧಿವೇಶನದ ಹಂಗಾಮಿ ಟೈಪಿಸ್ಟನೊಬ್ಬನ ಅನುಭವ

ಅಧಿವೇಶನದಲ್ಲಿ ಶಾಸಕರು ಕೇಳುವ ಪ್ರಶ್ನೆಗೆ ಇಲಾಖೆ ಲಿಖಿತ ಉತ್ತರ ಕೊಡಬೇಕು. 'ಸರ್ಕಾರದ ಗಮನಕ್ಕೆ ಬಂದಿದೆಯೇ?' ಎನ್ನುವ (ಅ)ಕ್ಕೆ 'ಬಂದಿದೆ' ಅಂತ ಬರೆದರಾಯಿತು. (ಆ)ಕ್ಕೆ 'ಕ್ರಮ ವಹಿಸಲಾಗಿದೆ'. ತೊಂದರೆ ಇರುವುದು (ಇ)ಯಲ್ಲಿ: 'ಕಳೆದ ಮೂರು ವರ್ಷಗಳಲ್ಲಿ ಬಿಡುಗಡೆಯಾದ ಅನುದಾನವೆಷ್ಟು, ಖರ್ಚಾದ ಮೊತ್ತವೆಷ್ಟು? (ವಿಧಾನಸಭಾ ಕ್ಷೇತ್ರವಾರು ಮಾಹಿತಿ ನೀಡುವುದು)'. ಈ ಉತ್ತರಗಳನ್ನು ತಯಾರಿಸುವ ಅಧಿವೇಶನದ ಕೋಶದಲ್ಲಿ ಒಮ್ಮೆಯಾದರೂ ಕೂತವರಿಗೆ ಗೊತ್ತು, ಈ ಕಂಸದೊಳಗಿನ ಮಾತು ಕಂಡರೆ ಅವತ್ತು ರಾತ್ರಿ ಮನೆಯ ಊಟ ತಪ್ಪಿತು ಅಂತಲೇ ಲೆಕ್ಕ.

ಕಳೆದ ಚಳಿಗಾಲದ ಅಧಿವೇಶನದಲ್ಲಿ ನಮ್ಮ ಕೋಶದಿಂದ ಹೋದ ಕ್ಷೇತ್ರವಾರು ಅನುಬಂಧಗಳಲ್ಲಿ (ಉತ್ತರಕ್ಕೆ ಲಗತ್ತಿಸುವ ಪಟ್ಟಿಗಳಲ್ಲಿ) ಹೆಚ್ಚಿನವು ಪ್ರಶ್ನೆ ಬಂದ ದಿನವೇ ಸಿದ್ಧವಾದವು. 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ' ಎಂಬ ಉತ್ತರ ಒಂದು ಕೈಯ ಬೆರಳಿನಷ್ಟೂ ಹೋಗಿರಲಿಕ್ಕಿಲ್ಲ. 'ಆಗೂದಿಲ್ಲ ಬಿಡ್ರಿ' ಅಂದವರೇ ಈಗ ನಿನ್ನ ಎಕ್ಸೆಲ್ ಶೀಟ್ ಕಳಿಸು ಅಂತ ವಾಟ್ಸಾಪ್ ಮಾಡುತ್ತಿದ್ದಾರೆ. ಹೇಗೆ ಮಾಡಿದೆ ಎಂದು ಬರೆಯುತ್ತೇನೆ, ಪೂರ್ತಿ ಬರೆಯುವುದಿಲ್ಲ.

ನನ್ನದು ಬೆಳಗಾವಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಕೋರ್ಟ್ ಕಾಗದ, ಬಾಂಡ್, ಮದುವೆ ಪತ್ರಿಕೆ. ಡಿಸೆಂಬರ್ ನಡುವಿನಿಂದ ಧನುರ್ಮಾಸ, ಪತ್ರಿಕೆ ಕೆಲಸ ಇರುವುದಿಲ್ಲ. ಅದೇ ಹೊತ್ತಿಗೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. ಬೆಂಗಳೂರಿನಿಂದ ಬರುವ ಇಲಾಖೆಗಳಿಗೆ ಎರಡು ವಾರದ ಮಟ್ಟಿಗೆ ಡಾಟಾ ಎಂಟ್ರಿ ಹುಡುಗರು ಬೇಕು. ಹೊರಗುತ್ತಿಗೆ ಏಜೆನ್ಸಿಯೊಂದರ ಮೂಲಕ ಹೀಗೆ ನಾಲ್ಕೈದು ವರ್ಷದಿಂದ ಹೋಗುತ್ತಿದ್ದೇನೆ. ಹುಡುಗ ಅನ್ನುವ ವಯಸ್ಸೇನೂ ನನ್ನದಲ್ಲ, ಆದರೆ ಪಾಸಿನಲ್ಲಿ ಫೋಟೋ ಯಾರದೇ ಇರಲಿ, ಕೋಶದಲ್ಲಿ ಎಲ್ಲರೂ 'ಡಾಟಾ ಎಂಟ್ರಿ ಹುಡುಗ'ರೇ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ದಿನಕ್ಕೆ 700ರ ಆಸುಪಾಸು ಅಂತ ಹೇಳಿ ಕರೆಯುತ್ತಾರೆ. ಪಿಎಫ್, ಇಎಸ್‌ಐ, ಏಜೆನ್ಸಿಯ 'ಸೇವಾ ಶುಲ್ಕ' ಅಂತ ಹಿಡಿದುಕೊಂಡು ಕೈಗೆ ಬರುವುದು 550 ಚಿಲ್ಲರೆ. ಅದೂ ಬರುವುದು ಹೋಳಿ ಹುಣ್ಣಿಮೆಯ ಸುಮಾರಿಗೆ. ಬಸ್ಸು, ಚಹಾ, ಹೊರಗಿನ ಊಟ ಸೇರಿ ದಿನಕ್ಕೆ 150 ನಮ್ಮದೇ ಖರ್ಚು. ಪ್ರತಿಭಟನೆಗಳ ದಿನ ಹಲಗಾ ಹತ್ತಿರ ಹೆದ್ದಾರಿಯಲ್ಲಿ ಬಸ್ಸು ತಡೆದರೆ ಉಳಿದ ದಾರಿ ನಡಿಗೆ. ರಾತ್ರಿ ಹನ್ನೊಂದಕ್ಕೆ ಬಿಟ್ಟರೆ ಆಟೋದವನು ಕೇಳಿದ್ದೇ ರೇಟು. ಓವರ್‌ಟೈಮ್ ಎಂಬ ಕಾಲಂ ಏಜೆನ್ಸಿಯ ಹಾಜರಿ ಹಾಳೆಯಲ್ಲಿ ಇದೆ, ಅದನ್ನು ತುಂಬಿದವರನ್ನು ನಾನು ಕಂಡಿಲ್ಲ. ಹಾಗಿದ್ದೂ ಹೋಗುವುದೇಕೆ ಅಂದರೆ, ಅಲ್ಲಿ ಪರಿಚಯವಾದ ಕಚೇರಿಗಳಿಂದ ವರ್ಷವಿಡೀ ಅಂಗಡಿಗೆ ಟೈಪಿಂಗ್ ಬರುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇಲಾಖೆಗಳ ಲೆಕ್ಕವೆಲ್ಲ ತಾಲ್ಲೂಕುವಾರು ಇರುತ್ತದೆ, ಶಾಸಕರು ಕೇಳುವುದು ಕ್ಷೇತ್ರವಾರು. ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ, 18 ಕ್ಷೇತ್ರ. ಅದರಲ್ಲಿ ಅರಭಾವಿ, ಕುಡಚಿ, ಯಮಕನಮರಡಿ ಅಂತ ಹೆಸರಿನ ತಾಲ್ಲೂಕುಗಳೇ ಇಲ್ಲ. ಅರಭಾವಿಯ ಹಳ್ಳಿಗಳ ಲೆಕ್ಕ ಮೊದಲು ಗೋಕಾಕ ತಾಲ್ಲೂಕಿನಲ್ಲಿ ಸೇರಿರುತ್ತಿತ್ತು, ಈಗ ಮೂಡಲಗಿ ಬೇರೆ ತಾಲ್ಲೂಕಾಗಿದೆ. ತಾಲ್ಲೂಕು ಒಡೆದ ಹೊಸದರಲ್ಲಿ ಮೂರು ವರ್ಷದ ಅನುದಾನ ಕೇಳಿದರೆ ಒಂದು ವರ್ಷದ್ದು ಹಳೆ ತಾಲ್ಲೂಕಿನ ಖಾತೆಯಲ್ಲಿ, ಎರಡು ವರ್ಷದ್ದು ಹೊಸ ತಾಲ್ಲೂಕಿನ ಖಾತೆಯಲ್ಲಿ ಇರುತ್ತಿತ್ತು. ಕ್ಷೇತ್ರದ ಗಡಿಗಳು 2008ರ ಮರುವಿಂಗಡಣೆಯವು, ಅದಕ್ಕೆ ಆಧಾರ 2001ರ ಜನಗಣತಿ. ಅದರ ನಂತರ ತಾಲ್ಲೂಕು ಒಡೆದವು, 2015ರ ಚುನಾವಣೆಗೆ ಮುಂಚೆ ಗ್ರಾಮ ಪಂಚಾಯಿತಿಗಳೂ ಒಡೆದವು. ಕ್ಷೇತ್ರ ಮಾತ್ರ ಅಲ್ಲೇ ಇದೆ.

ಹಿಂದಿನ ವರ್ಷಗಳಲ್ಲಿ ಏನು ಮಾಡುತ್ತಿದ್ದರು? ಜಿಲ್ಲೆಗೆ ಫೋನು, ಜಿಲ್ಲೆಯಿಂದ ತಾಲ್ಲೂಕಿಗೆ ಫೋನು, ತಾಲ್ಲೂಕಿನವರು ತಮಗೆ ತಿಳಿದಂತೆ ಹಳ್ಳಿಗಳನ್ನು ಆ ಕಡೆ ಈ ಕಡೆ ಹಂಚಿ ಕಳಿಸುವುದು. ಎರಡು ತಾಲ್ಲೂಕಿನವರೂ ಒಂದೇ ಪಂಚಾಯಿತಿಯನ್ನು ತಮ್ಮ ಲೆಕ್ಕದಲ್ಲಿ ಹಿಡಿದು ಕ್ಷೇತ್ರಗಳನ್ನೆಲ್ಲ ಕೂಡಿದ ಮೊತ್ತ ಜಿಲ್ಲೆಯ ಒಟ್ಟು ಮೊತ್ತಕ್ಕಿಂತ ಹೆಚ್ಚಾಗಿ ಬಂದದ್ದನ್ನು ನಾನೇ ಟೈಪ್ ಮಾಡಿದ್ದೇನೆ. ಅದು ಸಚಿವರ ಸಹಿಯ ತನಕ ಹೋಗಿ ವಾಪಸ್ ಬಂತು.

ನನ್ನ ಮೊದಲ ಪ್ರಯತ್ನ ಗೂಗಲ್ ಶೀಟ್. ಎಲ್ಲ ಜಿಲ್ಲೆಗೂ ಲಿಂಕ್ ಕಳಿಸಿ ನೀವೇ ತುಂಬಿ ಅಂದೆವು. ಒಂದು ಜಿಲ್ಲೆಯವರು ಇನ್ನೊಂದು ಜಿಲ್ಲೆಯ ಸಾಲು ಅಳಿಸಿದರು. ಒಬ್ಬರು ಕಾಲಂ ನಡುವೆ 'ಷರಾ' ಅಂತ ಹೊಸ ಕಾಲಂ ತೂರಿಸಿದರು, ಕೆಳಗಿನ ಮೊತ್ತವೆಲ್ಲ ಒಂದು ಮನೆ ಬಲಕ್ಕೆ ಸರಿಯಿತು. ಎರಡೇ ದಿನಕ್ಕೆ ಅದನ್ನು ಮುಚ್ಚಿದೆವು.

ಎರಡನೆಯದು, ಊರಿನ ಹೆಸರಿನ ಮೇಲೆ ವಿಲುಕಪ್ (ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕಿ ತರುವ ಎಕ್ಸೆಲ್ ಸೂತ್ರ) ಹಾಕುವುದು. ಇದರಲ್ಲಿ ಒಂದು ಪೂರ್ತಿ ಅಧಿವೇಶನ ಹೋಯಿತು. ಹಿರೇಬಾಗೇವಾಡಿಯನ್ನು ಒಬ್ಬರು ಕೂಡಿಸಿ ಬರೆಯುತ್ತಾರೆ, ಒಬ್ಬರು ಬಿಡಿಸಿ, ಇನ್ನೊಬ್ಬರು ಹ್ರಸ್ವ. ಹೊಸೂರು ಎಂಬ ಊರು ಯಾವ ಜಿಲ್ಲೆಯಲ್ಲಿ ಇಲ್ಲ ಹೇಳಿ! ಅದರ ಮೇಲೆ ಫಾಂಟ್. ಜಿಲ್ಲೆಯೊಂದರಿಂದ ಬಂದ ಫೈಲು ಹಳೆಯ 'ನುಡಿ' ತಂತ್ರಾಂಶದ ಫಾಂಟಿನಲ್ಲಿ, ಇನ್ನೊಂದು ಯೂನಿಕೋಡ್, ಮತ್ತೊಂದು ಶ್ರೀಲಿಪಿ. ಹಳೆ ನುಡಿಯ ಫೈಲನ್ನು ಪರಿವರ್ತಕದಲ್ಲಿ ಹಾಕಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಕಣ್ಣಿಗೆ ಒಂದೇ ರೀತಿ ಕಂಡರೂ ಎಕ್ಸೆಲ್‌ಗೆ ಅವು ಬೇರೆ ಬೇರೆ ಊರು.

ಮೊತ್ತ ಕೂಡದಿದ್ದರೆ ಮೊದಲು ನೋಡಬೇಕಾದದ್ದು ಇದು: ಕನ್ನಡ ಅಂಕಿಯ ಸೊನ್ನೆ '೦' ಬೇರೆ, ಅನುಸ್ವಾರ 'ಂ' ಬೇರೆ. ಟೈಪಿಂಗ್ ಕಲಿತು ಇಪ್ಪತ್ತು ವರ್ಷವಾದವರೂ ಸೊನ್ನೆ ಬೇಕಾದಲ್ಲಿ ಅನುಸ್ವಾರ ಒತ್ತುತ್ತಾರೆ. ಪ್ರಿಂಟ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಮೊತ್ತದಲ್ಲಿ ಮಾತ್ರ ಆ ಮನೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ನನ್ನ ಕೋಶದಲ್ಲಿ ಕನ್ನಡ ಅಂಕಿ ಕೊನೆಯ ಪ್ರಿಂಟಿಗೆ ಮಾತ್ರ, ಅದೂ ಮೇಲಿನವರು ಹಟ ಹಿಡಿದರೆ.

ಕೊನೆಗೆ ಗೆದ್ದದ್ದು ಹೆಸರನ್ನೇ ಬಿಟ್ಟಾಗ. ಪ್ರತಿ ಗ್ರಾಮ ಪಂಚಾಯಿತಿಗೂ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್ ಎಂಬ ಸಂಖ್ಯೆ ಇದೆ. ರಾಜ್ಯದಲ್ಲಿ ಆರು ಸಾವಿರದ ಹತ್ತಿರ ಪಂಚಾಯಿತಿಗಳು. ಒಂದೊಂದು ಕೋಡಿನ ಎದುರಿಗೆ ಅದು ಯಾವ ವಿಧಾನಸಭಾ ಕ್ಷೇತ್ರ ಅಂತ ಒಮ್ಮೆ ಬರೆದಿಟ್ಟುಬಿಟ್ಟರೆ, ಆಮೇಲೆ ಲೆಕ್ಕ ಯಾವ ಫಾಂಟಿನಲ್ಲಿ ಬಂದರೇನು, ಯಾವ ತಾಲ್ಲೂಕು ಒಡೆದರೇನು! ಎಕ್ಸೆಲ್‌ನಲ್ಲಿ ಲೆಕ್ಕವನ್ನು ಗುಂಪು ಮಾಡಿ ಕೂಡುವ ಪಿವಟ್ ಟೇಬಲ್ ಹಾಕಿದರೆ 224 ಕ್ಷೇತ್ರಗಳ ಪಟ್ಟಿ ತಾನೇ ಬೀಳುತ್ತದೆ. ಅದನ್ನು ವರ್ಡ್‌ನ ಮೇಲ್ ಮರ್ಜ್‌ಗೆ (ಪಟ್ಟಿಯ ವಿವರವನ್ನು ಒಂದು ನಮೂನೆಯೊಳಗೆ ತಾನೇ ತುಂಬುವ ಸೌಲಭ್ಯ) ಕೊಟ್ಟರೆ ಸದಸ್ಯರ ಹೆಸರು, ಪ್ರಶ್ನೆ ಸಂಖ್ಯೆ, ಉತ್ತರಿಸುವ ದಿನಾಂಕದ ಸಮೇತ ಅನುಬಂಧ ಸಿದ್ಧ.

ಹೇಳುವುದು ಸುಲಭ, ಆ ಒಂದು ಕಾಲಂ ತುಂಬಲು ದಸರೆಯಿಂದ ಅಧಿವೇಶನದ ಹಿಂದಿನ ವಾರದವರೆಗೂ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತಿದ್ದೇನೆ. ಮರುವಿಂಗಡಣೆ ಆದೇಶದಲ್ಲಿ ಗಡಿ ಹೇಳಿರುವುದು ಪಂಚಾಯಿತಿ ಹೆಸರಿನಿಂದಲ್ಲ, ಕಂದಾಯ ವೃತ್ತದ ಲೆಕ್ಕದಲ್ಲಿ. ಅದಕ್ಕೆ ಮತದಾರರ ಪಟ್ಟಿಯ ಭಾಗಗಳನ್ನು ಹಿಡಿದೆ. ಅದರಲ್ಲಿ ಮತಗಟ್ಟೆಯ ಊರು ಇದೆ, ಕ್ಷೇತ್ರವೂ ಇದೆ. ಮೊದಲು ಬೆಳಗಾವಿ ಜಿಲ್ಲೆ ಮಾಡಿ ಕೈ ಕುದುರಿಸಿಕೊಂಡು, ಆಮೇಲೆ ಬಾಗಲಕೋಟೆ, ವಿಜಯಪುರ, ಹೀಗೆ. ಇದಕ್ಕೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಇಂಟರ್‌ನೆಟ್, ಪ್ರಿಂಟ್ ಎಲ್ಲ ಸೇರಿ ಮೂರು ಸಾವಿರದಷ್ಟು ಕೈಯಿಂದಲೇ ಹೋಗಿದೆ. ನಮ್ಮ ಮನೆಯವರಂತೂ 'ಶಾಸಕರಾಗ್ತೀರೇನು ಇನ್ನ?' ಅಂತ ಕೇಳಿದರು.

ಎರಡು ಕ್ಷೇತ್ರಗಳ ನಡುವೆ ಹಂಚಿಹೋದ ಪಂಚಾಯಿತಿಗಳೂ ಇವೆ. ಸಂಖ್ಯೆ ದೊಡ್ಡದಲ್ಲ, ತಲೆನೋವು ಮಾತ್ರ ದೊಡ್ಡದು. ಅವನ್ನು ಹಳ್ಳಿ ಮಟ್ಟಕ್ಕೆ ಇಳಿಸಬೇಕು ಎಂಬುದಷ್ಟನ್ನು ಹೇಳುತ್ತೇನೆ. ಹೇಗೆ ಇಳಿಸಿ ಮತ್ತೆ ಒಟ್ಟು ಮೊತ್ತ ಕೆಡದಂತೆ ಕೂಡಿಸುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ನಗರ ಪ್ರದೇಶದ ವಾರ್ಡುಗಳಿಗೂ ಬೇರೆಯದೇ ಶೀಟ್ ಇದೆ, ಅದೂ ಹಾಗೆಯೇ.

ಮೊದಲ ದಿನ ಕೋಶದಲ್ಲಿ ಲ್ಯಾಪ್‌ಟಾಪ್ ತೆಗೆದಾಗ ಪ್ರಥಮ ದರ್ಜೆ ಸಹಾಯಕಿ ಮೇಡಂ ನೋಡಿ, 'ಏನ್ರೀ ಇದು, ಕೋಡ್ ಹಾಕ್ಕೊಂಡು ಕೂತ್ರೆ ಉತ್ತರ ಯಾವಾಗ ಹೋಗತ್ತೆ? ತಾಲ್ಲೂಕುವಾರು ಲಗತ್ತಿಸಿದೆ ಅಂತ ಹಾಕಿ ಕಳಿಸಿ' ಅಂದರು. ಶಾಖಾಧಿಕಾರಿಗಳೂ ಅದನ್ನೇ ಹೇಳಿದರು: ಇಷ್ಟು ವರ್ಷ ನಡೆದಿದೆ, ಈಗಲೂ ನಡೆಯುತ್ತದೆ. ಅವರ ತಪ್ಪೇನೂ ಇಲ್ಲ, ಉತ್ತರ ತಡವಾದರೆ ಬೈಗುಳ ತಿನ್ನುವವರು ಅವರು, ನಾನಲ್ಲ. 'ಒಂದು ತಾಸು ಕೊಡ್ರಿ ಮೇಡಂ, ಆಗಲಿಲ್ಲ ಅಂದ್ರ ನೀವು ಹೇಳಿದಂಗ ಕಳಸೂಣು' ಅಂದೆ. ಜಿಲ್ಲೆಗಳಿಂದ ಕೋಡ್ ಸಮೇತ ಪಂಚಾಯಿತಿವಾರು ಲೆಕ್ಕ ಮುಂಚೆಯೇ ತರಿಸಿಟ್ಟಿದ್ದರು, ಅದೊಂದು ಪುಣ್ಯ. ನಲವತ್ತು ನಿಮಿಷಕ್ಕೆ ಅನುಬಂಧ ಪ್ರಿಂಟರಿನಿಂದ ಹೊರಗೆ ಬಂತು. ಮೇಡಂ ಕ್ಯಾಲ್ಕುಲೇಟರ್ ಹಿಡಿದು ಮೊದಲ ಪುಟ ಪೂರ್ತಿ ಕೂಡಿದರು. ಕೂಡಿತು. ಎರಡನೆಯ ಪುಟ ಕೂಡಲು ಹೋಗಲಿಲ್ಲ.

ನಿಜವಾಗಿ ನಂಬಿಕೆ ಬಂದದ್ದು ಉಪಪ್ರಶ್ನೆಯ ದಿನ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಅಲ್ಲೇ ಎದ್ದು ನಿಂತು ಬಾಯಲ್ಲಿ ಉತ್ತರಿಸುವ ಪ್ರಶ್ನೆ, ನಡೆಯುತ್ತಿತ್ತು. ಕೇಳಿದ ಸದಸ್ಯರ ಕ್ಷೇತ್ರದ ಲೆಕ್ಕ ಸಚಿವರ ಕೈಯಲ್ಲಿತ್ತು. ಅಷ್ಟರಲ್ಲಿ ಇನ್ನೊಬ್ಬರು ಎದ್ದು, ನಮ್ಮ ಕ್ಷೇತ್ರಕ್ಕೆ ಎಷ್ಟು ಕೊಟ್ಟಿದ್ದೀರಿ ಹೇಳಿ ಅಂದರು. ಅಧಿಕಾರಿಗಳ ಗ್ಯಾಲರಿಯಿಂದ ಫೋನು ಬಂತು. ಶೀಟಿನಲ್ಲಿ ಫಿಲ್ಟರ್ ಹಾಕಿ ಅಂಕಿ ಹೇಳಿದೆ, ಗ್ಯಾಲರಿಯಿಂದ ಚೀಟಿ ಹೋಯಿತು. ಟಿವಿಯಲ್ಲಿ ನೋಡುತ್ತಿದ್ದೆವು, ಸಚಿವರು ಚೀಟಿ ನೋಡಿ ಓದಿಯೇಬಿಟ್ಟರು. ಶಾಖಾಧಿಕಾರಿಗಳು ಏನೂ ಹೇಳಲಿಲ್ಲ, ಕ್ಯಾಂಟೀನಿನಿಂದ ಎಲ್ಲರಿಗೂ ಚಹಾ ಹೇಳಿದರು. ಅಷ್ಟು ವರ್ಷದಲ್ಲಿ ಆ ಕೋಶದಲ್ಲಿ ಬೇರೆಯವರ ದುಡ್ಡಿನಲ್ಲಿ ನಾನು ಕುಡಿದ ಮೊದಲ ಚಹಾ.

ವಿಧಾನ ಪರಿಷತ್ತಿನ ಪ್ರಶ್ನೆಗಳಿಗೆ ಇದೇ ಶೀಟಿನಲ್ಲಿ ಇನ್ನೆರಡು ಕಾಲಂ ಸಾಕು. ವಾಯವ್ಯ ಪದವೀಧರರ ಕ್ಷೇತ್ರ ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಜಿಲ್ಲೆಗಳ ಲೆಕ್ಕದಲ್ಲೇ ಇರುವುದರಿಂದ ಗೋಜಿಲ್ಲ. ನಾಮನಿರ್ದೇಶಿತ ಸದಸ್ಯರಿಗೆ ಕ್ಷೇತ್ರವೇ ಇಲ್ಲ, ಅವರು ಕೇಳಿದರೆ ಇಡೀ ರಾಜ್ಯದ ಪಟ್ಟಿ.

ನಡುನಡುವೆ ಕೆಲವು ಚೇಷ್ಟೆಯನ್ನೂ ಮಾಡಿ ನೋಡಿದೆ. ತಾಲ್ಲೂಕಿನವರು ರಿಜಿಸ್ಟರಿನ ಫೋಟೋ ಹೊಡೆದು ವಾಟ್ಸಾಪಿಗೆ ಹಾಕುತ್ತಾರಲ್ಲ, ಅದನ್ನು ಮೊಬೈಲಿನಲ್ಲೇ ಓದಿಸಿ ಪಠ್ಯ ಮಾಡಿಸಿದೆ. ಅಚ್ಚಿನ ಅಕ್ಷರ ಪರವಾಗಿಲ್ಲ, ಕೈಬರಹದ ಕಾಲಂಗಳಲ್ಲಿ 7 ಯಾವುದು 1 ಯಾವುದು ಅದಕ್ಕೂ ತಿಳಿಯದು, ನಮಗೂ ತಿಳಿಯದು. ಧ್ವನಿ ಟೈಪಿಂಗ್ ಒಂದು ರಾತ್ರಿ ಪ್ರಯತ್ನಿಸಿದೆ. ನಾನು ನಮ್ಮ ಕಡೆಯ ಮಾತಿನಲ್ಲಿ ಹೇಳಿದ್ದನ್ನು ಅದು ಬೆಂಗಳೂರಿನ ಮಾತಿಗೆ ತಿರುಗಿಸಲು ಹೋಗಿ ಎರಡೂ ಅಲ್ಲದ್ದನ್ನು ಬರೆಯಿತು. ಪಕ್ಕದ ಮೇಜಿನವರು ಫೋನಿನಲ್ಲಿ ಜಗಳ ಆಡುತ್ತಿದ್ದದ್ದೂ ಉತ್ತರದೊಳಗೆ ಸೇರಿತ್ತು. ಉಪಪ್ರಶ್ನೆಗಳಿಗೆಂದು ಸಚಿವರಿಗೆ ಕೊಡುವ ಪೂರಕ ಟಿಪ್ಪಣಿಯ ಕರಡು ಹೇಳಿ ಬರೆಸಲು ಒಬ್ಬರೇ ಕೂತ ಕೋಣೆ ಇದ್ದರೆ ನಡೆದೀತು.

ಮಾಡಬೇಕು ಅನ್ನುವವರಿಗೆ ಇಷ್ಟು ಹೇಳಬಲ್ಲೆ. ಅಂಗಡಿಯಲ್ಲೇ ಫೈಲು ಯೂನಿಕೋಡ್ ಮಾಡಿಕೊಂಡು ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಹಳೆ ಫಾಂಟ್ ಇರುತ್ತದೆ ಅಂತ ನಂಬಬೇಡಿ. ಅನುಬಂಧ ಲೀಗಲ್ ಹಾಳೆಯಲ್ಲಿ ಅಡ್ಡಡ್ಡ ಹಾಕಿ, ಪ್ರತಿ ಪುಟಕ್ಕೂ ತಲೆಸಾಲು ಮರುಕಳಿಸಲಿ. ಕೆಳಗೆ ಪುಟದ ಮೊತ್ತವೂ ಇರಲಿ, ಕ್ಯಾಲ್ಕುಲೇಟರ್ ಹಿಡಿಯುವವರು ಇದ್ದೇ ಇರುತ್ತಾರೆ. ಸಿದ್ಧ ಕಡತವನ್ನು ಪಿಡಿಎಫ್ ಮಾಡಿ ಕೊಡಿ, ಎಕ್ಸೆಲ್ ಕೊಡಬೇಡಿ. ಎಕ್ಸೆಲ್ ಕೊಟ್ಟರೆ ಮುಂದಿನ ವರ್ಷ ನಿಮ್ಮನ್ನು ಕರೆಯುವುದಿಲ್ಲ.

ಕೊನೆಯ ದಿನ ಬೆಂಗಳೂರಿನವರೆಲ್ಲ ಕುಂದಾ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಜನವರಿಯಲ್ಲಿ ಮೇಡಂ ಫೋನ್ ಮಾಡಿ, ಬಜೆಟ್ ಅಧಿವೇಶನಕ್ಕೆ ಆ ಶೀಟ್ ಬೇಕಿತ್ತಲ್ಲ ಅಂದರು. ಬರುತ್ತೇನೆ, ಆದರೆ ಏಜೆನ್ಸಿ ಮೂಲಕ ಅಲ್ಲ, ದಿನಕ್ಕೆ 1,500, ಮೇಲೆ ಬೆಂಗಳೂರಿನಲ್ಲಿ ಇರಲು ಜಾಗ ಅಂದೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಡಿಸೆಂಬರಿನ ಬಿಲ್ಲು ಇನ್ನೂ ಏಜೆನ್ಸಿಯವರ ಮೇಜಿನಲ್ಲೇ ಇದೆ. ಮೊದಲು ಅದು ಬರಲಿ ಅಂತಲೂ ಹೇಳಿದ್ದೇನೆ.