ಮರಿಮೀನಿನ ಟ್ಯಾಂಕ್: ಮೊದಲು ನೀರಿಗೆ ಹೆಪ್ಪು ಹಾಕಿ

ಬಳ್ಳಾರಿಯಲ್ಲಿ ನಮ್ಮ ಓಣಿಯ ನಾಲ್ಕೈದು ಮನೆಗಳಲ್ಲಿ ಗಪ್ಪಿ ಮೀನುಗಳಿವೆ. ಎಲ್ಲ ಮನೆಯಲ್ಲೂ ಒಂದೇ ಕಥೆ. ಬೆಳಿಗ್ಗೆ ನೋಡಿದರೆ ಸಾಸಿವೆ ಕಾಳಿನಂಥ ಕಣ್ಣಿನ ಮೂವತ್ತು ಮರಿ. ದೊಡ್ಡ ಮೀನು ಮರಿಗಳನ್ನು ತಿಂದುಬಿಡುತ್ತವೆಂದು, ಖುಷಿಯಲ್ಲಿ ಅಂಗಡಿಗೆ ಓಡಿ ಹೊಸ ಟ್ಯಾಂಕ್ ತಂದು, ನಳದ ನೀರು ತುಂಬಿ, ಮರಿ ಬಿಡುತ್ತಾರೆ. ವಾರದಲ್ಲಿ ಅರ್ಧ ಸತ್ತಿರುತ್ತವೆ. ನನ್ನ ಮೊದಲ ಮರಿಗಳೂ ಹೀಗೇ ಹೋದವು. ಆಗ ಆದ ಸಂಕಟ ಇನ್ನೂ ಮರೆತಿಲ್ಲ.

1. ಟ್ಯಾಂಕ್ ಆರಿಸುವುದು

ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಸಾಕು. ಸುಮಾರು 40 ಲೀಟರ್ ಹಿಡಿಯುತ್ತದೆ. ಎತ್ತರಕ್ಕಿಂತ ಅಗಲ ಮುಖ್ಯ, ನೀರಿಗೆ ಗಾಳಿ ಸೇರುವುದು ಮೇಲ್ಮೈಯಿಂದ. ದುಂಡನೆ ಗಾಜಿನ ಬಟ್ಟಲು ಖಂಡಿತ ಬೇಡ. ಮರಿಗಳಿಗೆಂದು ದೊಡ್ಡ ಟ್ಯಾಂಕಿನೊಳಗೆ ತೂಗುಹಾಕುವ ಪ್ಲಾಸ್ಟಿಕ್ ಡಬ್ಬಿಯೂ ಬೇಡ. ಅದರಲ್ಲಿ ನೀರು ಆಡುವುದಿಲ್ಲ, ಮರಿ ಬೆಳೆಯುವುದಿಲ್ಲ.

2. ಕೂರಿಸುವುದು

ತುಂಬಿದ ಟ್ಯಾಂಕ್ 40 ಕಿಲೋ ದಾಟುತ್ತದೆ. ಗಟ್ಟಿ ಮೇಜು, ಕೆಳಗೆ ಥರ್ಮೋಕೋಲ್ ಹಾಳೆ. ಪಡುವಣ ಬಿಸಿಲಿಗೆ ಕಾಯುವ ಗೋಡೆಯಿಂದ ದೂರ ಇಡಿ. ಒಂದು ದಿನ ನೀರು ತುಂಬಿಟ್ಟು ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ತಳಕ್ಕೆ ಜಲ್ಲಿ, ಬಣ್ಣದ ಕಲ್ಲು ಏನೂ ಬೇಡ. ಬರೀ ಗಾಜಿದ್ದರೆ ಉಳಿದ ತಿನಿಸು ಕಣ್ಣಿಗೆ ಬೀಳುತ್ತದೆ. ಒಂದು ಹಿಡಿ ಜಾವಾ ಪಾಚಿ (ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಜಾವಾ ಮಾಸ್ ಎಂಬ ಸಣ್ಣ ನೀರುಗಿಡ) ತೇಲಿಬಿಟ್ಟರೆ ಮರಿಗಳಿಗೆ ಅಡಗಲು ಜಾಗವಾಯಿತು.

3. ನೀರಿಗೆ ಹೆಪ್ಪು

ಎಲ್ಲರೂ ಎಡವುವುದು ಇಲ್ಲೇ. ಮೀನಿನ ಹೊಲಸು, ಕೊಳೆತ ತಿನಿಸು ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮರಿಗಳಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಇಳಿಯುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ತಾವಾಗಿ ನೆಲೆಯೂರಲು 4ರಿಂದ 6 ವಾರ ಬೇಕು. ನೀರು ಎಷ್ಟೇ ತಿಳಿಯಾಗಿ ಕಂಡರೂ ಲೆಕ್ಕಕ್ಕಿಲ್ಲ. ನಮ್ಮೂರಿನಲ್ಲಿ ಕಷ್ಟ ಇನ್ನೂ ಜಾಸ್ತಿ. ನೀರು ಬಿಸಿಯಾದಷ್ಟೂ, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು.

ಹಾಲಿಗೆ ಹೆಪ್ಪು ಹಾಕದೆ ಮೊಸರು ಆಗುತ್ತಾ? ಇಲ್ಲೂ ಹಾಗೇ. ಏರ್ ಪಂಪಿನಿಂದ ಓಡುವ ಸ್ಪಾಂಜ್ ಫಿಲ್ಟರ್ ಒಂದನ್ನು ಹೆಚ್ಚಿಗೆ ಕೊಂಡು, ತಾಯಿ ಮೀನುಗಳಿರುವ ಹಳೆಯ ಟ್ಯಾಂಕಿನಲ್ಲಿ ತಿಂಗಳು ಪೂರ್ತಿ ಓಡಿಸಿ. ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲಿ ಮನೆಮಾಡುತ್ತವೆ. ಮರಿ ಕಂಡ ದಿನ ಅದನ್ನು ಹೊಸ ಟ್ಯಾಂಕಿಗೆ ದಾಟಿಸಿ. ಹಿಂಡಬೇಡಿ, ಒಣಗಲು ಬಿಡಬೇಡಿ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹೊಟ್ಟೆ ಉಬ್ಬಿದ್ದು ಕಂಡಾಗ ಶುರುಮಾಡಿದರೆ ತಡವಾಯಿತು. ಇವತ್ತೇ ಸ್ಪಾಂಜ್ ಹಾಕಿಡಿ.

ಬೇರೆ ಫಿಲ್ಟರ್ ಯಾಕೆ ಬೇಡ ಅಂದರೆ, ಮೋಟಾರಿನವು ಮರಿಗಳನ್ನೇ ಒಳಗೆ ಎಳೆದುಕೊಳ್ಳುತ್ತವೆ. ಸ್ಪಾಂಜನ್ನು ನಳದ ಕೆಳಗೆ ಹಿಡಿದು ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆದರೆ ಸಾಕು. ಟ್ಯಾಂಕ್ ಕೊಂಡಾಗ ಒಂದು ಅಂಗಡಿಯವರು ನನಗೆ ನೀಲಿ ಔಷಧಿಯ ಸಣ್ಣ ಬಾಟಲಿ ಕೊಟ್ಟು, ವಾರಕ್ಕೆರಡು ಹನಿ ಹಾಕಿ ಅಂದಿದ್ದರು. ಮಿಥಿಲೀನ್ ಬ್ಲೂ ಅದು. ರೋಗಕ್ಕೆ ಸರಿ, ಆದರೆ ಸುಮ್ನೆ ಹಾಕಿದರೆ ಈ ಬ್ಯಾಕ್ಟೀರಿಯಾಗಳಿಗೇ ಪೆಟ್ಟು.

4. ನೀರು

ನಳ ಬಂದ ದಿನ ಡ್ರಮ್ಮಿನಲ್ಲಿ ತುಂಬಿಡುವುದು ನಮಗೆ ಹೊಸದಲ್ಲ, ಅಲ್ವಾ? ಆ ನೀರನ್ನೇ ಬಾಯಿ ತೆರೆದಿಟ್ಟು, ಏರ್ ಪಂಪಿನ ಕೊಳವೆ ಇಳಿಬಿಡಿ. ಒಂದು ದಿನಕ್ಕೆ ಕ್ಲೋರಿನ್ ಹಾರಿಹೋಗುತ್ತದೆ. ಬೋರ್ ನೀರಿನ ಗಡಸು ಗಪ್ಪಿ, ಮೊಲ್ಲಿ ಮೀನುಗಳಿಗೆ ಒಗ್ಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಿಸಿ. ಮಾಳಿಗೆ ಮೇಲಿನ ಸಿಂಟೆಕ್ಸ್ ನೀರನ್ನು ಮಧ್ಯಾಹ್ನ ನೇರ ಸುರಿಯಬೇಡಿ. ಮೇ ತಿಂಗಳಲ್ಲಿ ಅದರಲ್ಲಿ ಕೈ ಇಡಲೂ ಆಗುವುದಿಲ್ಲ.

5. ಬೇಸಿಗೆ

ಹೊರಗೆ 40 ಡಿಗ್ರಿ ದಾಟಿದಾಗ ಗಾಜಿನ ಮುಚ್ಚಳ ತೆಗೆದು ಬಲೆ ಹಾಸಿ, ಟೇಬಲ್ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಡಿ. ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ. ಐಸ್ ಹಾಕಬೇಡಿ, ದಿಢೀರ್ ಬದಲಾವಣೆ ಮರಿಗಳಿಗೆ ತಡೆಯದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಕರೆಂಟ್ ಹೋದರೆ ಗಾಳಿ ನಿಲ್ಲುತ್ತದೆ, ಅದಕ್ಕೇ ಬ್ಯಾಟರಿ ಇರುವ ಏರ್ ಪಂಪ್ ಕೊಳ್ಳಿ. ಬೇರೆಲ್ಲಾದರೂ ದುಡ್ಡು ಉಳಿಸಿ, ಇದರಲ್ಲಿ ಬೇಡ.

6. ತಿನಿಸು

ದಿನಕ್ಕೆ ನಾಲ್ಕು ಸಲ, ಬೆರಳಿನಲ್ಲಿ ಹುಡಿ ಮಾಡಿದ ಒಣ ತಿನಿಸು, ಚಿಟಿಕೆಯಷ್ಟೇ. ಸಾಧ್ಯವಾದರೆ ಆರ್ಟಿಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಒಂದೂವರೆ ದಿನ ಗಾಳಿಯಾಡಿಸಿ ಮರಿ ಮಾಡಿ ಕೊಡಿ. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಅನ್ನುವವರ ಮಾತು ಕೇಳಬೇಡಿ. ನೀರು ಒಂದೇ ರಾತ್ರಿಯಲ್ಲಿ ನಾರುತ್ತದೆ.

ದೊಡ್ಡ ಮೀನಿನ ಬಾಯಿಗೆ ಹಿಡಿಯದಷ್ಟು ಬೆಳೆದ ಮೇಲೆ ಮರಿಗಳನ್ನು ಹಳೆಯ ಟ್ಯಾಂಕಿಗೆ ಬಿಡಿ. ಜೊತೆಗೆ ಸ್ಪಾಂಜೂ ಅಲ್ಲಿಗೇ ವಾಪಸ್ ಹೋಗಿ ಓಡುತ್ತಿರಲಿ. ಮುಂದಿನ ಮರಿಗಳಿಗೆ ಅದೇ ಹೆಪ್ಪು.